ಕೆಂದಾವರೆಯ ಚೆಕ್ಕುಬಂದಿ

ನಿಶ್ಚಯ ಕಾರ್ಯದ ಹಿಂದಿನ ದಿನ ಬೆಳಿಗ್ಗೆ ಹಾಲು ತರಲು ಹೊರಟ ಮೋಜಣಿ ಬಸವಣಪ್ಪನವರು ತಮ್ಮ ಓಣಿಯ ಬಾಯಲ್ಲೇ ನಿಂತುಬಿಟ್ಟರು. ಎರಡು ಕಂಬಗಳ ನಡುವೆ ಹೊಸ ಫ್ಲೆಕ್ಸ್ ಕಟ್ಟಿತ್ತು. ಅದರ ನಡುವೆ ಮಂಚದಷ್ಟು ದೊಡ್ಡ ಕೆಂಪು ತಾವರೆ. ತಾವರೆಯೊಳಗೆ ಅವರ ತಮ್ಮನ ಮಗಳು ವಿಶಾಖಾಳ ಮುಖ. ಮುಖದ ಎಡಕ್ಕೊಂದು ಬಲಕ್ಕೊಂದು ದಪ್ಪ ಮೀನು, ಹಿಂದೆ ಹೆಡೆ ಎತ್ತಿದ ನಾಗರಹಾವು. ಕೆಳಗೊಂದು ಬಂಡೆ. ಆ ಬಂಡೆಗೆ ಮದುಮಗ ಸಂಜೀವಕುಮಾರನ ತಲೆ ಅಂಟಿಸಿದ್ದರು. ತಲೆ ನಗುತ್ತಿತ್ತು. ಅದರ ಕೆಳಗೆ ಪದ್ಯ:

ಕಲ್ಯಾಣದ ಕೆರೆಯ ಕೆಂದಾವರೆ ನೀ,
ಕಣ್ಣೆರಡು ಕುಣಿವ ಮೀನು;
ಕರಿನಾಗರ ಜಡೆಯ ಕಂಡ ಕ್ಷಣದಿಂದ
ಕಲ್ಲಾಗಿ ನಿಂತೆ ನಾನು.

ಬಸವಣಪ್ಪನವರು ಹಾಲು ಮರೆತರು. ಪದ್ಯವನ್ನು ಓದಿದರು, ಮತ್ತೆ ಓದಿದರು, ಪ್ರತಿ ಚಿತ್ರವನ್ನೂ ಪದ್ಯಕ್ಕೆ ಹೊಂದಿಸಿ ನೋಡಿದರು. ಎಲ್ಲವೂ ಹೊಂದುತ್ತಿತ್ತು. ಅದೇ ಅವರಿಗೆ ಹೆಚ್ಚು ಭಯ ತಂದದ್ದು.

ಅವರು ಭೂಮಾಪನ ಇಲಾಖೆಯಲ್ಲಿ ಇಡೀ ನೌಕರಿ ಮಾಡಿ ನಿವೃತ್ತರಾದವರು. ಬಸವಕಲ್ಯಾಣದ ಸುತ್ತಲಿನ ಹೊಲಗಳನ್ನೆಲ್ಲ ಸರಪಳಿ ಎಳೆದು ಅಳೆದಿದ್ದರು. ‘ಸುಮಾರು’ ಎಂಬ ಮಾತು ಅವರ ಬಾಯಲ್ಲಿ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಯಾರಾದರೂ ‘ಇಲ್ಲೇ ಸನಿಹದಾಗ ಅದ’ ಎಂದರೆ ‘ಎಷ್ಟು ಸರಪಳಿ?’ ಎಂದು ಕೇಳುವ ಮನುಷ್ಯ. ಮದುವೆಯಾಗಿರಲಿಲ್ಲ. ತಮ್ಮನೂ ತಮ್ಮನ ಹೆಂಡತಿಯೂ ತೀರಿಕೊಂಡ ಮೇಲೆ ವಿಶಾಖಾಳನ್ನು ಅವರೇ ಬೆಳೆಸಿ, ಓದಿಸಿ, ಮಣ್ಣು ಪರೀಕ್ಷಾ ಕೇಂದ್ರದಲ್ಲಿ ನೌಕರಿ ಸಿಗುವವರೆಗೆ ತಂದಿದ್ದರು. ಬೇಮಳಖೇಡದ ತಮ್ಮ ಹೊಲದ ಮಣ್ಣನ್ನು ಬಿಸ್ಕೀಟು ಪೊಟ್ಟಣದಲ್ಲಿ ಕಟ್ಟಿಕೊಂಡು ಆ ಕೇಂದ್ರಕ್ಕೆ ಬಂದವನೇ ಸಂಜೀವಕುಮಾರ. ಹುಮನಾಬಾದಿನಲ್ಲಿ ಅವನದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಮಣ್ಣಿನ ಫಲಿತಾಂಶ ಬರುವ ಮೊದಲೇ ಮದುವೆಯ ಮಾತು ಬಂದಿತ್ತು.

ಬಸವಣಪ್ಪನವರು ಫ್ಲೆಕ್ಸಿನ ಕೆಳಗೇ ನಿಂತು ಫೋನು ಹಚ್ಚಿದರು.

“ನೀವು ಕಲ್ಲೇನ್ರಿ?”

“ಏನ್ರಿ ಕಾಕಾ?” ಸಂಜೀವಕುಮಾರ ಇನ್ನೂ ನಿದ್ದೆಗಣ್ಣಲ್ಲಿದ್ದ.

“ನಾಳೆ ನಿಶ್ಚಯ ಅದ. ಹುಡುಗೀನ್ನ ಮನುಷ್ಯಾಗ ಕೊಡಾಕತ್ತೇನೋ ಕಲ್ಲಿಗಿ ಕೊಡಾಕತ್ತೇನೋ ನನಗ ಗೊತ್ತಾಗಬೇಕು.”

“ಅಯ್ಯೋ, ಅದು ರೂಪಕ ರೀ ಕಾಕಾ.”

“ಯಾರಂವ ರೂಪಕ? ಅವನ್ನೂ ಕರಕೊಂಡು ಬರ್ರಿ.”

ಫೋನು ಕಟ್ಟಾಯಿತು. ಸಂಜೀವಕುಮಾರ ಮುಖ ತೊಳೆದುಕೊಂಡು ನೇರವಾಗಿ ಹುಮನಾಬಾದಿನ ತನ್ನ ಹಳೆಯ ಪದವಿಪೂರ್ವ ಕಾಲೇಜಿಗೆ ಓಡಿದ. ಅಲ್ಲಿ ಅವನಿಗೆ ಕನ್ನಡ ಕಲಿಸಿದ್ದ ಮೀರಾಬಾಯಿ ಮೇಡಂ ಸಿಬ್ಬಂದಿ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದರು. ಅಲಂಕಾರದ ಪಾಠ ಅವರ ಪ್ರಾಣ. ಆದರೆ ವರ್ಷವರ್ಷವೂ ಹುಡುಗರು ಲಕ್ಷಣವನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಕಕ್ಕಿ, ಮರೆತು ಹೋಗುತ್ತಿದ್ದರು. ಆ ದಿನ ಬೆಳಿಗ್ಗೆಯಷ್ಟೇ ಒಬ್ಬಳು ‘ಉಪಮಾ ಎಂದರೆ ಉಪ್ಪಿಟ್ಟು’ ಎಂದು ಬರೆದದ್ದನ್ನು ನೋಡಿ ಅವರು ಕೆಂಪು ಪೆನ್ನು ಕೆಳಗಿಟ್ಟು ಕಿಟಕಿಯ ಆಚೆ ನೋಡುತ್ತ ಕೂತಿದ್ದರು.

“ಮೇಡಂ, ನೀವು ಕಲಿಸಿದ್ದ ಬರದೇನ್ರಿ,” ಎಂದ ಸಂಜೀವಕುಮಾರ ಏದುಸಿರು ಬಿಡುತ್ತ. “ಈಗ ಲಗ್ನ ಮುರಿಯೂ ಹಾಂಗ ಆಗ್ಯಾದ. ನೀವ ಬಂದು ರೂಪಕ ಅಂದ್ರ ಏನಂತ ಹೇಳ್ರಿ.”

ಮೀರಾಬಾಯಿ ಅವನನ್ನು ದಿಟ್ಟಿಸಿದರು. “ರೂಪಕದ ಸಲುವಾಗಿ ಲಗ್ನ ಮುರಿಯಾಕತ್ತದೇನು?”

“ಹೌದ್ರಿ.”

“ಅಂದ್ರ ಯಾರೋ ಒಬ್ಬರು ಅದನ್ನ ಖರೇನ ಓದ್ಯಾರ,” ಎನ್ನುತ್ತ ಅವರು ಎದ್ದರು. ಅವರ ಮುಖದಲ್ಲಿ ಸಂತೋಷವೇ ಕಾಣುತ್ತಿತ್ತು. ಅರ್ಧ ದಿನದ ರಜೆ ಕೇಳಲು ಹೋದಾಗ ಪ್ರಿನ್ಸಿಪಾಲರು ಕಾರಣ ಕೇಳಿದರು. “ರೂಪಕದ ವಿವರಣೆ. ಅರ್ಜಂಟ್ ಅದ,” ಎಂದರು ಮೀರಾಬಾಯಿ. ಪ್ರಿನ್ಸಿಪಾಲರು ಯಾವುದೋ ಆಪರೇಶನ್ ಇರಬೇಕೆಂದು ತಿಳಿದು, ಹುಷಾರಾಗಿ ಹೋಗಿ ಬನ್ನಿ ಎಂದರು.

ಕಲ್ಯಾಣದ ಬಸ್ಸಿಳಿದು ಇಬ್ಬರೂ ಬಸವಣಪ್ಪನವರ ಪಡಸಾಲೆಗೆ ಬಂದಾಗ ಅಲ್ಲಿ ಫ್ಲೆಕ್ಸ್ ಅಂಗಡಿಯ ಅಜೀಮುದ್ದೀನ್ ಆಗಲೇ ಕೂತಿದ್ದ. ಅವನನ್ನೂ ಕರೆಸಲಾಗಿತ್ತು.

“ಕಾಕಾ, ನನ್ನದೇನು ಗುನ್ಹಾ ಇಲ್ರಿ,” ಎನ್ನುತ್ತಿದ್ದ ಅವನು. “ಇವರು ಏನ್ ಬರದು ಕೊಟ್ಟಾರೋ ಅದನ್ನ ಹಾಕೇನಿ. ಕೆಂದಾವರೆ ಅಂದ್ರು, ಹಾಕ್ದೆ. ಮೀನು ಅಂದ್ರು, ಹಾಕ್ದೆ. ಹಾವಿಂದ ಮಾತ್ರ ಭಾಳ ತಕಲೀಫ್ ಆತು. ಲಗ್ನಕ್ಕ ಶೋಭಿಸುವಂಥಾ ಮಾರಿ ಇರೋ ಹಾವು ಜಲ್ದಿ ಸಿಗಂಗಿಲ್ಲ.”

ಬಸವಣಪ್ಪನವರು ಮೀರಾಬಾಯಿಯವರಿಗೆ ಕುರ್ಚಿ ಕೊಟ್ಟು, ನೀರು ಕೊಟ್ಟು, ಚಹಾ ತರಿಸಿ, ಆಮೇಲೆ ಎದುರಿಗೆ ಕೂತರು.

“ಮೇಡಂ, ನಾ ಕೆರೀಗಿ ಹೋಗಿ ಬಂದೇನಿ. ಸುತ್ತ ತಿರುಗಿ ನೋಡೇನಿ. ಕೆಂದಾವರೆ ಒಂದೂ ಇಲ್ಲ. ಪಾಚಿ ಅದ, ಒಂದು ಎಮ್ಮಿ ಅದ. ಮೊದಲನೇ ಸಾಲು ಸುಳ್ಳಾತು. ಉಳಿದದ್ದರ ಮ್ಯಾಲ ನಾ ಹ್ಯಾಂಗ ಭರೋಸಾ ಇಡಲಿ?”

“ಅಣ್ಣಾರ, ಪದ್ಯದಾಗ ಹೋಲಿಸಿ ಹೇಳೋ ಪದ್ಧತಿ ಅದ,” ಎಂದು ಮೀರಾಬಾಯಿ ಶುರುಮಾಡಿದರು. “ಮೊದಲ ಉಪಮಾ ಅಂದ್ರ ಏನು ನೋಡೋಣು. ‘ವಿಶಾಖಾನ ಮುಖ ತಾವರಿ ಹಾಂಗ ಚಂದ ಅದ’ ಅಂತ ಅಂದೆವು ಅಂತ ತಿಳೀರಿ. ಯಾವುದರ ಮಾತು ಹೇಳಾಕತ್ತೇವಿ? ಮುಖದ್ದು. ಅದು ಉಪಮೇಯ. ಯಾವುದಕ್ಕ ಹೋಲಿಸಾಕತ್ತೇವಿ? ತಾವರಿಗಿ. ಅದು ಉಪಮಾನ. ಎರಡರಾಗೂ ಇರೋ ಗುಣ ಯಾವುದು? ಚಂದ. ಅದು ಸಮಾನಧರ್ಮ. ಎರಡನ್ನೂ ಕೂಡಿಸೋ ‘ಹಾಂಗ’ ಅನ್ನೋ ಮಾತು ಉಪಮಾವಾಚಕ.”

“ನಾಕು ಆದುವು,” ಎಂದರು ಬಸವಣಪ್ಪ.

“ಹೌದ್ರಿ, ನಾಕು.”

ಬಸವಣಪ್ಪನವರ ಕಣ್ಣು ಅರಳಿದವು. “ಚೆಕ್ಕುಬಂದಿ! ಒಂದು ಹೊಲಾ ಅಂದ್ರ ಮೂಡಲಕ್ಕ ಯಾರು, ಪಡುವಲಕ್ಕ ಯಾರು, ಬಡಗಲಕ್ಕ, ತೆಂಕಲಕ್ಕ ಯಾರು ಅಂತ ನಾಕೂ ದಿಕ್ಕಿನ ಹದ್ದು ಹೇಳಬೇಕು. ಇಲ್ಲಾಂದ್ರ ಅದು ಹೊಲಾನ ಅಲ್ಲ. ನಿಮ್ಮ ಉಪಮಾ ಬರೋಬರಿ ಅದ ಮೇಡಂ. ಇದರಾಗ ನನಗ ತಕರಾರಿಲ್ಲ.”

ಮೀರಾಬಾಯಿ ಚಹಾದ ಕಪ್ಪು ಹಿಡಿದುಕೊಂಡೇ ಕುಡಿಯುವುದನ್ನು ಮರೆತರು. ಉಪಮೆಯನ್ನು ಇಷ್ಟು ಬೇಗ ಹಿಡಿದವರು ಅವರ ತರಗತಿಯಲ್ಲಿ ಇರಲಿಲ್ಲ.

“ಆದರ ಈ ಹುಡುಗ ‘ಹಾಂಗ’ ಅಂತ ಎಲ್ಲೂ ಬರದಿಲ್ಲ,” ಬಸವಣಪ್ಪ ಮುಂದುವರಿಸಿದರು.

“ಅದಕ್ಕ ಅದು ರೂಪಕ. ಮುಖ ಬ್ಯಾರೆ, ತಾವರೆ ಬ್ಯಾರೆ ಅಂತ ಇಡಂಗಿಲ್ಲ. ಮುಖವೇ ತಾವರೆ. ಎರಡಕ್ಕೂ ಭೇದ ಇಲ್ಲ.”

“ಅಂದ್ರ ನಡುವಿನ ಬಾಂದುಗಲ್ಲು ಕಿತ್ತು ಒಗದಾರ.”

“ಹಾಂಗ ಅನ್ನಬಹುದ್ರಿ.”

“ಮುಖದ ಹೊಲಾ, ತಾವರಿ ಹೊಲಾ, ಎರಡೂ ಕೂಡಿಸಿ ಒಂದ ಮಾಡ್ಯಾರ.”

“ಹೌದ್ರಿ! ಬರೋಬರಿ ಹಿಡದ್ರಿ ನೋಡ್ರಿ!” ಮೀರಾಬಾಯಿ ಕುರ್ಚಿಯ ತುದಿಗೆ ಬಂದಿದ್ದರು.

“ಮೇಡಂ,” ಬಸವಣಪ್ಪನವರ ಧ್ವನಿ ಇಳಿಯಿತು, “ಇದಕ್ಕ ನಮ್ಮ ಇಲಾಖೆದಾಗ ಒತ್ತುವರಿ ಅಂತಾರ. ಕೇಸು ಹಾಕ್ತಾರ.”

ಅಜೀಮುದ್ದೀನ್ ಸಂಜೀವಕುಮಾರನ ಕಡೆ ನೋಡಿ, “ತೋಬಾ, ನಿಮಗ ಗೊತ್ತಿರಲಿಲ್ಲೇನು?” ಎಂದು ಪಿಸುಗುಟ್ಟಿದ.

ಅಷ್ಟರಲ್ಲಿ ವಿಶಾಖಾ ಊಟಕ್ಕೆಂದು ಆಫೀಸಿನಿಂದ ಬಂದಳು. ಬೆಳಿಗ್ಗೆ ಆಫೀಸಿಗೆ ಹೋಗುವಾಗಲೇ ಓಣಿಯ ಬಾಯಲ್ಲಿ ಫ್ಲೆಕ್ಸ್ ನೋಡಿದ್ದಳು. ಒಳಗಿನ ಮಂದಿಯನ್ನೂ ಸಂಜೀವಕುಮಾರನ ಮುಖವನ್ನೂ ನೋಡಿ ಅವಳಿಗೆ ವಿಷಯ ತಿಳಿಯಿತು.

“ದೊಡ್ಡಪ್ಪ, ಇದೇನಿದು ಪಂಚಾಯತಿ?”

“ನೀ ಒಳಗ ಹೋಗವಾ. ಇವರು ಕಲ್ಲೋ ಮನುಷ್ಯಾನೋ ಫೈಸಲಾ ಆಗಬೇಕಾಗ್ಯಾದ.”

“ಕಲ್ಲ ಇದ್ರು,” ಎಂದಳು ವಿಶಾಖಾ ಚೀಲ ಕೆಳಗಿಡುತ್ತ. “ಖರೇನ. ಮಣ್ಣಿನ ಪೊಟ್ಟಣ ಹಿಡಕೊಂಡು ನಮ್ಮ ಆಫೀಸಿಗಿ ಬಂದಾರ, ನನ್ನ ನೋಡ್ಯಾರ, ನಿಂತುಬಿಟ್ಟಾರ. ಸರತೀದಾಗ ಹಿಂದಿನವರೆಲ್ಲ ಅವರನ್ನ ಸುತ್ತ ಹಾಕಿ ಮುಂದ ಬಂದ್ರು. ಕಸಾ ಹೊಡಿಯೋ ಸುಗಂಧಾಬಾಯಿ ಇವರ ಕಾಲಿನ ಸುತ್ತ ಕಸಾ ಹೊಡದಾಳ. ಬೇಕಾದ್ರ ಆಕೀನ್ನ ಕೇಳ್ರಿ.”

ಸಂಜೀವಕುಮಾರನ ಕಿವಿ ಕೆಂಪಾದವು. ಬಸವಣಪ್ಪನವರು ಬಹಳ ಹೊತ್ತು ಯೋಚಿಸಿದರು. ಕಣ್ಣಾರೆ ಕಂಡ ಸಾಕ್ಷಿಗೆ ಅವರ ಹತ್ತಿರ ಯಾವಾಗಲೂ ಬೆಲೆಯಿತ್ತು.

“ಸರಿ. ಕಲ್ಲಿನ ಸಾಲು ಮಂಜೂರು. ಉಳಿದ ಸಾಲಿಗಿ ‘ಹಾಂಗ’ ಹಾಕ್ರಿ. ಯಾವ ವಿಷಯದಾಗ ಹಾಂಗ ಅನ್ನೋದನ್ನೂ ಹಾಕ್ರಿ. ಇಷ್ಟು ಮಾಡಿದ್ರ ನಾಳೆ ಕಾರ್ಯ ಆಗ್ತದ.”

ಸಂಜೀವಕುಮಾರ ಮೀರಾಬಾಯಿಯವರ ಮುಖ ನೋಡಿದ. ಪದ್ಯ ಸತ್ತೇ ಹೋಗುತ್ತದೆ ಎಂದು ಅವರಿಗೂ ಗೊತ್ತಿತ್ತು. ಆದರೆ ಲಗ್ನ ಬದುಕುತ್ತದೆ. ಅವರು ತಲೆಯಾಡಿಸಿದರು. ಸಂಜೆಯೊಳಗೆ ಅಜೀಮುದ್ದೀನ್ ಹೊಸ ಫ್ಲೆಕ್ಸ್ ಕಟ್ಟಿದ. ಹಾವಿನ ಹಲ್ಲುಗಳನ್ನು ಅಳಿಸಿದ್ದ. ಬಸವಣಪ್ಪನವರು ಹೇಳಿ ಬರೆಸಿದ ಮಾತು ಹೀಗಿತ್ತು:

‘ವಿಶಾಖಾಳ ಮುಖವು ಬಣ್ಣ ಮತ್ತು ಮೃದುತ್ವದ ವಿಷಯದಲ್ಲಿ ಮಾತ್ರ ಕೆಂದಾವರೆಯಂತೆ ಇರುತ್ತದೆ. ಸದರಿ ತಾವರೆ ಯಾವ ಕೆರೆಯದು ಎಂಬುದು ಇತ್ಯರ್ಥವಾಗಿರುವುದಿಲ್ಲ. ಕಣ್ಣುಗಳು ಚಲನೆಯ ವಿಷಯದಲ್ಲಿ ಮೀನಿನಂತೆ. ವಾಸನೆಯ ವಿಷಯದಲ್ಲಿ ಅಲ್ಲ. ಜಡೆಯು ಉದ್ದ ಮತ್ತು ಕಪ್ಪಿನ ವಿಷಯದಲ್ಲಿ ನಾಗರದಂತೆ, ವಿಷ ಇರುವುದಿಲ್ಲ. ವರನು ಕಲ್ಲಾಗಿ ನಿಂತದ್ದು ನಿಜ. ಸಾಕ್ಷಿ ಇದೆ.’

ನಿಶ್ಚಯ ಸುಸೂತ್ರವಾಗಿ ಆಯಿತು. ಬಂದ ಬೀಗರು ಫ್ಲೆಕ್ಸ್ ಮುಂದೆ ನಿಂತು ಗಂಭೀರವಾಗಿ ಓದಿದರು. ಇಷ್ಟು ಜವಾಬ್ದಾರಿಯಿಂದ ಬರೆದ ಫ್ಲೆಕ್ಸನ್ನು ತಾವು ನೋಡಿಲ್ಲ ಎಂದು ಚಿಟಗುಪ್ಪದಿಂದ ಬಂದ ಹಿರಿಯರೊಬ್ಬರು ಹೊಗಳಿದರು.

ಅಲ್ಲಿಂದ ಮುಂದಿನದು ಯಾರ ಕೈಯಲ್ಲೂ ಉಳಿಯಲಿಲ್ಲ. ‘ಯಾವ ವಿಷಯದಾಗ?’ ಎಂಬ ಮಾತು ಊರಿಗೆ ಹತ್ತಿತು. ಬಜಾರದಲ್ಲಿ ‘ಬೆಣ್ಣಿಯಂಥಾ ಬೆಂಡಿಕಾಯಿ!’ ಎಂದು ಕೂಗುತ್ತಿದ್ದವಳಿಗೆ ಗಿರಾಕಿಗಳು ‘ಯಾವ ವಿಷಯದಾಗ?’ ಎಂದು ಕೇಳಿದರು. ಅವಳು ಯೋಚಿಸಿ, ‘ಮುರಿಯೂ ವಿಷಯದಾಗ’ ಎಂದಳು. ಗಂಡನನ್ನು ಕತ್ತೆ ಎಂದು ಬೈದ ಹೆಂಗಸೊಬ್ಬಳು ಅವನು ಸಮಾನಧರ್ಮ ಕೇಳಿದ್ದಕ್ಕೆ ಇಡೀ ಮಧ್ಯಾಹ್ನ ಕೂತು ಒಂದೊಂದಾಗಿ ಹೇಳಿದಳು. ಒಬ್ಬ ಪುಢಾರಿಯ ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ‘ಕಲ್ಯಾಣದ ಹುಲಿ’ ಎಂದಿದ್ದ ಕಡೆ ಯಾರೋ ಇದ್ದಿಲಿನಿಂದ ಅದೇ ಪ್ರಶ್ನೆ ಗೀಚಿದರು. ಅವನ ಕಡೆಯವರು ಸಿಟ್ಟಿನಿಂದ ಅಜೀಮುದ್ದೀನನ ಅಂಗಡಿಗೆ ಬಂದರು. ಅವನು ಅವರನ್ನು ಬಸವಣಪ್ಪನವರ ಹತ್ತಿರ ಕಳಿಸಿದ. ಬಸವಣಪ್ಪನವರು ಪುಢಾರಿಯ ಮನೆಗೇ ಹೋಗಿ, ಅವನನ್ನು ಬೆಳಕಿಗೆ ನಿಲ್ಲಿಸಿ, ಸುತ್ತ ತಿರುಗಿ ನೋಡಿ, ‘ಮೀಸೆಯ ವಿಷಯದಲ್ಲಿ’ ಎಂದು ಸೇರಿಸಲು ಅನುಮತಿ ಕೊಟ್ಟರು. ಪುಢಾರಿ ಧನ್ಯವಾದ ಹೇಳಿದ.

ಮದುವೆಗೆ ಕೆಲವು ವಾರ ಇರುವಾಗ ಒಂದು ಮಧ್ಯಾಹ್ನ ಬಸವಣಪ್ಪನವರು ಒಬ್ಬರೇ ಹುಮನಾಬಾದಿಗೆ ಬಂದು ಮೀರಾಬಾಯಿಯವರ ಸಿಬ್ಬಂದಿ ಕೋಣೆಯ ಬಾಗಿಲಲ್ಲಿ ನಿಂತರು. ಮುಖ ಬಾಡಿತ್ತು.

“ಮೇಡಂ, ನನಗೇನೋ ಆಗ್ಯಾದ.”

“ಬರ್ರಿ ಅಣ್ಣಾರ, ಕುಂದರ್ರಿ. ಏನಾತು?”

“ನಾ ಬರಸಿದ ಫ್ಲೆಕ್ಸಿನ ಮಾತು ನನಗ ನೆನಪಿಲ್ಲ. ಒಂದು ಸಾಲೂ ಇಲ್ಲ. ಆ ರದ್ದು ಮಾಡಿದ ಪದ್ಯ ಅದ ಅಲ್ಲ, ಅದು ಬಾಯಿ ಬಿಟ್ಟು ಹೋಗವಲ್ದು. ದಾಡಿ ಮಾಡಕೋಬೇಕಾದ್ರ ‘ಕಲ್ಯಾಣದ ಕೆರೆಯ’. ಮಾಳಗಿ ಏರಬೇಕಾದ್ರ ‘ಕಣ್ಣೆರಡು ಕುಣಿವ’. ನಿನ್ನೆ ಬ್ಯಾಂಕಿನಾಗ ಕೌಂಟರಿನ ಹುಡುಗಿ ‘ನಿಮ್ಮ ಹೆಸರೇನ್ರಿ’ ಅಂದ್ಳು. ‘ಕೆಂದಾವರೆ ನೀ’ ಅಂದುಬಿಟ್ಟೆ. ಆಕಿ ಮ್ಯಾನೇಜರ್‌ನ ಕರದ್ಳು.”

ಮೀರಾಬಾಯಿ ನಗಲಿಲ್ಲ. ನಗಬಾರದೆಂದು ಬಹಳ ಕಷ್ಟಪಟ್ಟರು.

“ಅರ್ಥ ತಪ್ಪು ಅಂತ ನಾನ ಸಿದ್ಧ ಮಾಡೇನಿ,” ಎಂದರು ಬಸವಣಪ್ಪ. “ಅರ್ಥ ಹ್ವಾದ ಮ್ಯಾಲ ಅದು ಯಾವುದರ ಆಧಾರದ ಮ್ಯಾಲ ಉಳದಾದ?”

“ಸದ್ದಿನ ಆಧಾರದ ಮ್ಯಾಲ. ‘ಕಲ್ಯಾಣದ ಕೆರೆಯ ಕೆಂದಾವರೆ’ ಅಂತ ಇನ್ನೊಮ್ಮೆ ಅನ್ರಿ. ‘ಕ’ ಎಲ್ಲಿ ಬಡೀತದ ನೋಡ್ರಿ.”

ಬಸವಣಪ್ಪನವರು ಗಂಟಲಿಗೆ ಬೆರಳು ಹಚ್ಚಿಕೊಂಡು ಹೇಳಿದರು. “ಇಲ್ಲಿ. ಗೂಟಾ ಬಡದಂಗ.”

“ಅದು ಅನುಪ್ರಾಸ. ಒಂದ ಅಕ್ಷರ ಮತ್ತ ಮತ್ತ ಬಂದು ಬಡೀತದ. ಇನ್ನ ‘ಮೀನು’ ಅಂದ ಕೂಡಲೇ ಕಿವಿ ಒಂದು ಜಾಗಾ ಖಾಲಿ ಮಾಡಿ ಕಾಯ್ತದ. ‘ನಾನು’ ಬಂದು ಅಲ್ಲಿ ಕುಂದರ್ತದ. ಅದು ಪ್ರಾಸ. ಅರ್ಥ ಬಾಗಿಲದಾಗ ನಿಂತು ಕೇಳಿ ಬರ್ತದ. ಸದ್ದು ಕೇಳಂಗಿಲ್ಲ, ಒಳಗ ಬಂದುಬಿಡ್ತದ.”

“ಅದಕ್ಕ ಅಳತಿ ಅದೇನು?”

“ಅದ. ಮಾತ್ರೆ ಅಂತಾರ. ಗಿಡ್ಡ ಅಕ್ಷರಕ್ಕ ಒಂದು, ಉದ್ದ ಅಕ್ಷರಕ್ಕ, ಸೊನ್ನಿ ಇರೋ ಅಕ್ಷರಕ್ಕ ಎರಡು. ಒತ್ತಕ್ಷರದ ಹಿಂದಿನ ಗಿಡ್ಡ ಅಕ್ಷರಕ್ಕೂ ಭಾರ ಬಿದ್ದು ಎರಡಾಗ್ತದ.”

ಬಸವಣಪ್ಪನವರು ನೆಟ್ಟಗೆ ಕೂತರು. ಪದ್ಯವನ್ನು ಅಳೆಯಬಹುದೆಂದು ಅವರಿಗೆ ಈವರೆಗೆ ಯಾರೂ ಹೇಳಿರಲಿಲ್ಲ. ಹಾಳೆ ಕೇಳಿ ತೆಗೆದುಕೊಂಡರು, ಕನ್ನಡಕ ಹಾಕಿದರು. ಮೀರಾಬಾಯಿ ಒಂದು ಕ್ಲಾಸು ಮುಗಿಸಿ ಬರುವಷ್ಟರಲ್ಲಿ ಅಳೆದು ಮುಗಿಸಿ, ಸಂಜೀವಕುಮಾರನನ್ನೂ ಅಂಗಡಿಯಿಂದ ಕರೆಸಿಕೊಂಡಿದ್ದರು.

“ಎರಡನೇ ಸಾಲಿಗೂ ನಾಕನೇ ಸಾಲಿಗೂ ಅಳತಿ ಬರೋಬರಿ ಕುಂತದ. ಶಾಬಾಶ್. ಆದರ ಮೊದಲನೇದಕ್ಕಿಂತ ಮೂರನೇದರಾಗ ಒಂದು ಮಾತ್ರೆ ಹೆಚ್ಚಾಗ್ಯಾದ. ‘ಕ್ಷ’ದ ಭಾರ ಹಿಂದಿನ ‘ಡ’ದ ಮ್ಯಾಲ ಬಿದ್ದದ.”

ಮೀರಾಬಾಯಿ ಹಾಳೆ ನೋಡಿದರು. ನಿಜವಾಗಿತ್ತು. ಸಂಜೀವಕುಮಾರ ತಲೆ ಕೆರೆದುಕೊಂಡ. “‘ಕ್ಷಣದಿಂದ’ ತಗದು ‘ದಿನದಿಂದ’ ಹಾಕಿದ್ರ ಸರಿಹೋಗ್ತದ್ರಿ ಕಾಕಾ. ಆದರ ಕ-ಕಾರ ಒಂದು ಹೋಗ್ತದ. ಮತ್ತ ನಾ ನಿಂತದ್ದೂ ಅದೇ ಕ್ಷಣಕ್ಕ. ಇಡೀ ದಿನ ಅಲ್ಲ.”

ಬಸವಣಪ್ಪನವರು ಎರಡೂ ರೀತಿ ಹೇಳಿ ನೋಡಿದರು. ಬೆರಳು ಗಂಟಲ ಮೇಲೇ ಇತ್ತು. ಕೊನೆಗೆ ಹಾಳೆ ಮಡಚಿದರು.

“ಒಂದು ಮಾತ್ರೆ ಅಲ್ಲೇನು? ಇರ್ಲಿ ಬಿಡ್ರಿ.”

ಬದುವಿನ ಒಂದು ಗೇಣಿಗಾಗಿ ಅಣ್ಣತಮ್ಮಂದಿರನ್ನು ಬಿಸಿಲಲ್ಲಿ ನಿಲ್ಲಿಸಿದ ಮನುಷ್ಯ ‘ಇರ್ಲಿ ಬಿಡ್ರಿ’ ಎಂದದ್ದನ್ನು ಸಂಜೀವಕುಮಾರ ಆ ರಾತ್ರಿಯೇ ಫೋನಿನಲ್ಲಿ ವಿಶಾಖಾಳಿಗೆ ಹೇಳಿದ. ಅವಳು ನಂಬಲಿಲ್ಲ. ದೊಡ್ಡಪ್ಪನಿಗೆ ಜ್ವರ ಇದೆಯೇನೋ ಎಂದು ಹಣೆ ಮುಟ್ಟಿ ನೋಡಿದಳು.

ಮದುವೆ ಕಲ್ಯಾಣದಲ್ಲೇ ಆಯಿತು. ಅಕ್ಕಿಕಾಳು ಬಿತ್ತು, ಊಟದ ಪಂಗತಿ ಎದ್ದಿತು, ಹುಡುಗಿಯನ್ನು ಕಳಿಸುವ ಹೊತ್ತು ಬಂತು. ಹುಮನಾಬಾದಿಗೆ ಹೊರಡುವ ಕಾರಿಗೆ ಹೂವು ಕಟ್ಟಿದ್ದರು. ಬೀಗರ ಕಡೆಯ ಹಿರಿಯಳು ಯಶೋದಾಬಾಯಿ, ಸಂಜೀವಕುಮಾರನ ತಾಯಿ, ವಿಶಾಖಾಳ ಕೈ ಹಿಡಿದು ನಿಂತಿದ್ದಳು. ಬಸವಣಪ್ಪನವರು ಏನಾದರೂ ಹೇಳಬೇಕೆಂದು ಎಲ್ಲರೂ ಕಾದರು.

“ಯವ್ವಾ, ನನ್ನ ಕರುಳ ಒಯ್ಯಾಕತ್ತೀರಿ ನೀವು,” ಎಂದರು ಯಶೋದಾಬಾಯಿಗೆ. “ಹುಷಾರಲೇ ಒಯ್ರಿ.”

ಕೆಲವರು ಅವರ ಹೊಟ್ಟೆಯ ಕಡೆ ನೋಡಿದರು. ಊರಿಗೆಲ್ಲ ರೂಢಿಯಾಗಿ ಹೋಗಿದ್ದ ಆ ಪ್ರಶ್ನೆ ಅಜೀಮುದ್ದೀನನ ಬಾಯಿಂದ ತಾನಾಗಿಯೇ ಜಾರಿತು. “ಯಾವ ವಿಷಯದಾಗ, ಕಾಕಾ?”

ಬಸವಣಪ್ಪನವರು ತಿರುಗಿದರು. ಕಣ್ಣಲ್ಲಿ ನೀರು ತುಂಬಿತ್ತು, ಸಿಟ್ಟೂ ತುಂಬಿತ್ತು.

“ವಿಷಯ ಗಿಷಯ ಏನೂ ಇಲ್ಲ! ಹಾಂಗ ಗೀಂಗ ಏನೂ ಇಲ್ಲ! ಕರುಳ ಅಂದ್ರ ಕರುಳ!”

ವಿಶಾಖಾ ಓಡಿಬಂದು ಅವರನ್ನು ಅಪ್ಪಿಕೊಂಡಳು. ಆಗ ಯಾರೂ ಏನೂ ಕೇಳಲಿಲ್ಲ. ಅಜೀಮುದ್ದೀನ್ ಟೋಪಿ ತೆಗೆದು ಮುಖ ಒರೆಸಿಕೊಂಡ. ಹೆಂಗಸರು ಸೆರಗು ಕಣ್ಣಿಗೆ ಒತ್ತಿದರು. ಕಾರು ಹೊರಟು, ತಿರುವಿನಲ್ಲಿ ಮರೆಯಾಗಿ, ಧೂಳು ಇಳಿಯುವವರೆಗೂ ಬಸವಣಪ್ಪನವರು ಅಲ್ಲೇ ನಿಂತಿದ್ದರು.

ಮಂಟಪ ಖಾಲಿಯಾದ ಮೇಲೆ ಅವರು ಮೀರಾಬಾಯಿಯವರನ್ನು ಹುಡುಕಿಕೊಂಡು ಬಂದು ಪಕ್ಕದ ಕುರ್ಚಿಯಲ್ಲಿ ಕೂತರು.

“ಊಟ ಆತೇನ್ರಿ ಮೇಡಂ?”

“ಆತ್ರಿ ಅಣ್ಣಾರ. ಹೋಳಗಿ ಭಾಳ ಛಲೋ ಆಗಿತ್ತು.”

ಶಾಮಿಯಾನದವರು ಬಟ್ಟೆ ಬಿಚ್ಚತೊಡಗಿದ್ದರು. ಮನೆಗೆ ಹೋದರೆ ಅಲ್ಲಿ ಯಾರೂ ಇರುವುದಿಲ್ಲ ಎಂಬುದು ಬಸವಣಪ್ಪನವರು ಕೂತ ರೀತಿಯಲ್ಲೇ ಕಾಣುತ್ತಿತ್ತು.

“ಮೇಡಂ, ಈ ಉತ್ಪ್ರೇಕ್ಷಾ ಅಂತ ಒಂದದ ಅಂತಲ್ಲ, ಸಂಜೀವಕುಮಾರ ಹೇಳಾಕತ್ತಿದ್ರು. ಅದನ್ನ ಯಾವಾಗ ಕಲಿಸ್ತೀರಿ?”

“ಬರೋ ಮಂಗಳವಾರ. ಮಧ್ಯಾಹ್ನದ ಕ್ಲಾಸಿನಾಗ.”

“ಹೊರಗಿನವರು ಬಂದು ಕುಂದರಬಹುದೇನ್ರಿ?”

“ಬರ್ರಿ,” ಎಂದರು ಮೀರಾಬಾಯಿ. “ಮುಂದಿನ ಬೆಂಚಿನಾಗ ಕುಂದರ್ರಿ. ಅದು ಯಾವಾಗಲೂ ಖಾಲಿನ ಇರ್ತದ.”